ನಲವತ್ತು ಕಲ್ಲಿನ ಮದುವೆ

ನಮ್ಮ ಊರಿಗೆ ಒಂದು ಹೆಸರಿತ್ತು. ಹೇಳಿದವರ ಬಾಯಿಂದ ಜಾರಿ ಜಾರಿ ಕೊನೆಗೆ ಯಾರಿಗೂ ನೆನಪಿಲ್ಲದ ಹಾಗಾಯಿತು. ಹೋಗಲಿ ಬಿಡಿ, ಹೆಸರಿಲ್ಲದಿದ್ದರೂ ಊರು ಊರೇ. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ: ಒರಟಾದದ್ದು ಯಾವುದೂ ಇರಕೂಡದು.

ಬೆಳಗಾದರೆ ಉಜ್ಜಬೇಕು. ಹೊಸ್ತಿಲು ಉಜ್ಜಬೇಕು, ನೆಲ ಉಜ್ಜಬೇಕು, ಗೋಡೆ ಉಜ್ಜಬೇಕು, ಅಂಗೈ ಉಜ್ಜಬೇಕು, ಅಂಗಾಲು ಉಜ್ಜಬೇಕು. ಉಜ್ಜಿ ಮುಗಿದ ಮೇಲೆ ಎಣ್ಣೆ ಹಚ್ಚಬೇಕು. ಎಣ್ಣೆ ಹಚ್ಚಿದ ಮೇಲೆ ನಾಲಿಗೆಗೂ ಒಂದು ತೊಟ್ಟು ಬಿಟ್ಟುಕೊಳ್ಳಬೇಕು, ಮಾತು ಯಾರನ್ನೂ ತರಚಬಾರದು ಅಂತ. ಇದೆಲ್ಲ ಮುಗಿಸಿದವನೇ ಆ ದಿನದ ಮಟ್ಟಿಗೆ ಮನುಷ್ಯ. ಯಾರನ್ನಾದರೂ ಹೊಗಳಬೇಕಾದರೆ "ಎಷ್ಟು ನುಣುಪು ಮನುಷ್ಯ ನೋಡು" ಅನ್ನುತ್ತಿದ್ದೆವು. ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿ ಇರಲಿಲ್ಲ.

ಇನ್ನು ಆ ಊರಿನ ಸಂಸಾರ ಕೇಳಬೇಕೆ! ಹಾಕಿದ ಗಂಟು ನಿಲ್ಲುತ್ತಿರಲಿಲ್ಲ. ಹೊಡೆದ ಮೊಳೆ ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೇಲೆ ಬಳಪ ಬರೆಯುತ್ತಿರಲಿಲ್ಲ. ಬೀಸೋ ಕಲ್ಲು ನುಣ್ಣಗಾಗಿ, ಹಾಕಿದ ರಾಗಿ ಹಾಕಿದ ಹಾಗೇ ಹೊರಗೆ ಬರುತ್ತಿತ್ತು. ಇಡೀ ಕಾಳನ್ನೇ ಬೇಯಿಸಿ ತಿನ್ನುತ್ತಿದ್ದೆವು. ನಡೆಯೋದು ಅಂತ ಇರಲಿಲ್ಲ, ಬಾಗಿಲ ಚೌಕಟ್ಟನ್ನು ಒದ್ದು ಹೊರಟರೆ ಬೀದಿಯ ಕೊನೆಯ ಹತ್ತಿಮೂಟೆಗೆ ಹೋಗಿ ಬೀಳಬೇಕು. ಎದುರಿಗೆ ನೆಂಟರು ಸಿಕ್ಕರೆ "ಚೆನ್ನಾಗಿದ್ದೀರಾ?" ಅಂತ ಕೇಳುವಷ್ಟರಲ್ಲಿ ಅವರು ಆ ಕಡೆ, ನಾವು ಈ ಕಡೆ. ಉತ್ತರ ಮಾರನೇ ದಿನ ಸಿಗುತ್ತಿತ್ತು. ಅದೂ ಒಂದೇ ಉತ್ತರ: ಚೆನ್ನಾಗಿದ್ದೀವಿ.

ಜಗಳ ಅಂತೂ ಇಲ್ಲವೇ ಇಲ್ಲ. ಜಗಳ ಆಡಬೇಕಾದರೆ ಇಬ್ಬರು ಒಂದೇ ಜಾಗದಲ್ಲಿ ನಿಲ್ಲಬೇಕಲ್ಲ.

ಈ ಊರಿನಲ್ಲಿ ಮದುವೆ ಹಾಡು ಹಾಡುವವಳು ನಾನು. ನನ್ನ ಅಜ್ಜಿ ಹಾಡುತ್ತಿದ್ದಳು, ನನ್ನ ಅಮ್ಮ ಹಾಡುತ್ತಿದ್ದಳು, ಈಗ ನಾನು. ಗಂಟಲು ಚೆನ್ನಾಗಿದೆ, ಬಾಯಿ ಸ್ವಲ್ಪ ಜೋರು. ಏಳು ನುಡಿಯ ಹಾಡು ಅದು. ಹಾಡು ಅಂದರೆ ಬರೀ ಹಾಡಲ್ಲ, ಅದೇ ಮದುವೆಯ ಅಳತೆ. ಹೇಗೆ ಅಂತ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ.

ಊರ ನಡುವೆ ಆಳೆತ್ತರದ ಕಟ್ಟೆ. ಕಟ್ಟೆಯ ಮೇಲೆ ಒಂದೇ ಒಂದು ಚಪ್ಪಡಿ, ಕನ್ನಡಿ ಥರ ಮುಖ ಕಾಣುವ ಕಪ್ಪು ಕಲ್ಲು. ಮದುಮಗ, ಮದುಮಗಳು ಇಬ್ಬರೂ ಅದರ ಮೇಲೆ ನಿಲ್ಲಬೇಕು. ಇಬ್ಬರ ಸೊಂಟಕ್ಕೂ ಸೇರಿಸಿ ಒಂದೇ ಚರ್ಮದ ಪಟ್ಟಿ, ಪಟ್ಟಿಗೆ ಕಬ್ಬಿಣದ ಕೊಂಡಿ, ಕೊಂಡಿಗೆ ಹಗ್ಗ. ಹಗ್ಗ ಕಟ್ಟೆಯ ಅಂಚಿನ ರಾಟೆಯ ಮೇಲೆ ಹಾದು ಕೆಳಗೆ ಇಳಿಯುತ್ತದೆ, ತುದಿಯಲ್ಲಿ ಒಂದು ಬುಟ್ಟಿ. ನಾನು ಹಾಡು ಎತ್ತಿದ ಕೂಡಲೇ ಎರಡೂ ಕಡೆಯ ನೆಂಟರು, ನೆರೆಯವರು ಒಬ್ಬೊಬ್ಬರಾಗಿ ಬಂದು ಒಂದು ದೂರು ಹೇಳಿ ಒಂದು ಕಲ್ಲು ಬುಟ್ಟಿಗೆ ಹಾಕುತ್ತಾರೆ. ಒಟ್ಟು ನಲವತ್ತು ಜನ, ನಲವತ್ತು ದೂರು, ನಲವತ್ತು ಕಲ್ಲು. ಊರಿನಲ್ಲಿ ದೂರು ಹೇಳೋಕೆ ಅಪ್ಪಣೆ ಇದ್ದ ಜಾಗ ಅದೊಂದೇ. ಒಂದೊಂದು ಕಲ್ಲಿಗೂ ಹಗ್ಗ ಬಿಗಿಯುತ್ತದೆ, ಜೋಡಿಯನ್ನು ಅಂಚಿನ ಕಡೆ ಎಳೆಯುತ್ತದೆ. ಏಳು ನುಡಿ ಮುಗಿಯುವ ತನಕ ಕದಲದೆ ನಿಂತರೆ ಗಂಡ ಹೆಂಡತಿ. ಜಾರಿದರೆ ಕೆಳಗೆ ಹುಲ್ಲಿನ ರಾಶಿ ಇದೆ, ಪೆಟ್ಟಾಗುವುದಿಲ್ಲ. ಮದುವೆ ಮಾತ್ರ ಆಗುವುದಿಲ್ಲ. ಮೂರು ಸಲ ಜಾರಿದರೆ ಆ ಇಬ್ಬರಿಗೆ ಮತ್ತೆ ಆ ಕಲ್ಲಿಲ್ಲ.

ನನ್ನ ಕಾಲದಲ್ಲಿ ಚಪ್ಪಡಿ ಇಷ್ಟು ನುಣುಪಾಗಿರಲಿಲ್ಲ, ಹೇಗೋ ನಿಂತುಬಿಟ್ಟೆವು. ಆಮೇಲೆ ವರ್ಷ ವರ್ಷವೂ ಉಜ್ಜಿ ಉಜ್ಜಿ, ಹನ್ನೆರಡು ವರ್ಷದಿಂದ ಊರಲ್ಲಿ ಒಂದು ಮದುವೆಯೂ ನಿಂತಿರಲಿಲ್ಲ. ಎಲ್ಲ ಜೋಡಿಯೂ ಹತ್ತನೇ ಕಲ್ಲಿಗೆ ಹುಲ್ಲಿನಲ್ಲಿ. ನನ್ನ ಹಾಡು ಎರಡನೇ ನುಡಿಯಲ್ಲೇ ಖಲಾಸ್.

ಇಂಥಾ ಊರಲ್ಲಿ ನನ್ನ ಅಣ್ಣನ ಮಗಳು, ಅಣ್ಣ ಅತ್ತಿಗೆ ಹೋದ ಮೇಲೆ ನಾನೇ ಸಾಕಿದವಳು, ಗಾಣದವನ ಮೇಲೆ ಮನಸ್ಸು ಮಾಡಿದಳು.

ಅವಳ ಕಸುಬು ಕಲ್ಲು ಕಟೆಯುವುದು. ನುಣ್ಣಗಾದ ಬೀಸೋ ಕಲ್ಲಿಗೆ ಉಳಿ ಸುತ್ತಿಗೆಯಿಂದ ಚುಕ್ಕಿ ಚುಕ್ಕಿ ಹೊಡೆದು ಮತ್ತೆ ಒರಟು ಮಾಡುವ ಕೆಲಸ. ನಮ್ಮ ಊರಲ್ಲಿ ಉಳಿ ಎತ್ತುವ ಹಾಗಿಲ್ಲ, ಅದಕ್ಕೆ ಎಲ್ಲೆಕಲ್ಲಿನ ಆಚೆ ಹುಣಸೆಮರದ ಕೆಳಗೆ ಕೂತು, ಬೇರೆ ಊರಿನವರು ತಂದ ಕಲ್ಲು ಕಟೆಯುತ್ತಿದ್ದಳು. ಇವನೋ, ಇಡೀ ಊರು ಉಜ್ಜಿಕೊಳ್ಳುವ ಎಣ್ಣೆ ತೆಗೆಯುವವನು. ಊರಿನ ಅತಿ ನುಣುಪಾದ ಗಂಡಸು. ಅವನ ಕೈ ಹಿಡಿಯೋದೂ ಒಂದೇ, ನೀರಲ್ಲಿ ಮೀನು ಹಿಡಿಯೋದೂ ಒಂದೇ. ಎಣ್ಣೆಯವನು, ಉಳಿಯವಳು. ನಾನು ತಲೆ ಚಚ್ಚಿಕೊಂಡೆ.

"ಏನೇ ಕಂಡೆ ಅವನಲ್ಲಿ?" ಅಂದೆ.

"ನನ್ನ ಪಕ್ಕ ಜಾರಿ ಹೋಗೋವಾಗ ಹಿಂದಕ್ಕೆ ತಿರುಗಿ ನೋಡ್ತಾನೆ ಅತ್ತೆ. ಬೇರೆ ಯಾರೂ ನೋಡಲ್ಲ," ಅಂದಳು.



ಮೊದಲ ಸಲ ಕಲ್ಲು ಹತ್ತುವಾಗ ಊರಿನ ಯಜಮಾನರನ್ನು ಕೇಳಿದರು. ಯಜಮಾನರು ಅಂದರೆ ಉಜ್ಜುವ ಕಟ್ಟಳೆ ಕಾಯುವವರು. ಬೋಳುತಲೆಯ ಮೇಲೆ ನೊಣ ಕೂತರೂ ಜಾರುವಷ್ಟು ನುಣುಪು. ಅವರು ಗಂಭೀರವಾಗಿ, "ಪಾದ ಅಗಲ ಆದಷ್ಟೂ ಹಿಡಿತ ಜಾಸ್ತಿ. ಅಗಲದ ಮರದ ಪಾದುಕೆ ಮಾಡಿಸಿಕೊಳ್ಳಿ," ಅಂದರು. ಹನ್ನೆರಡು ವರ್ಷದಿಂದ ಎಲ್ಲ ಜೋಡಿಗೂ ಇದೇ ಬುದ್ಧಿವಾದ, ವರ್ಷ ವರ್ಷವೂ ಪಾದುಕೆ ಅಗಲ ಆಗುತ್ತಿತ್ತು. ಇವರದು ಬಾಗಿಲ ಹಲಗೆಯಷ್ಟು ಅಗಲ. ಹತ್ತನೇ ಕಲ್ಲಿಗೆ ಹುಲ್ಲಿನಲ್ಲಿ ಬಿದ್ದರು.

ಎರಡನೇ ಸಲ ಯಜಮಾನರು, "ಹಾಗಾದರೆ ನಿಮ್ಮ ನುಣುಪು ಸಾಲದು. ನುಣುಪಿಗೆ ನುಣುಪೇ ಅಂಟೋದು," ಅಂದರು. ಒಂದು ತಿಂಗಳು ಇಬ್ಬರೂ ಅಂಗಾಲು ಉಜ್ಜಿದ್ದೇ ಉಜ್ಜಿದ್ದು. ಐದನೇ ಕಲ್ಲಿಗೇ ಹೋದರು. ನಾನು ಮೊದಲನೇ ನುಡಿಯನ್ನೂ ಮುಗಿಸಿರಲಿಲ್ಲ.

ಉಳಿದದ್ದು ಒಂದೇ ಸಲ. ಇದೂ ಜಾರಿದರೆ ಅವಳು ಅವಳ ಮನೆ, ಅವನು ಅವನ ಗಾಣ, ಸಾಯೋ ತನಕ ಬೀದಿಯಲ್ಲಿ ಹಾದು ಹೋಗುತ್ತಾ ಚೆನ್ನಾಗಿದ್ದೀರಾ ಅಂತ ಕೇಳಿಕೊಂಡಿರಬೇಕು. ನನಗೆ ಊಟ ಸೇರಲಿಲ್ಲ. ಅವಳು ಮಾತ್ರ ಹುಲ್ಲು ಕೊಡವಿಕೊಂಡು ಎದ್ದು, ಅವನ ತೋಳು ಹಿಡಿದು ಹೇಳಿದಳು. ಹಿಡಿಯೋದೇನು, ಜಾರಿತು ಬಿಡಿ.

"ಯಜಮಾನ್ರ ಮಾತು ಕೇಳಿದ್ದು ಸಾಕು. ಇನ್ನು ಮೇಲೆ ಕಲ್ಲನ್ನೇ ಕೇಳೋಣ. ನಾಳೆ ಹುಣಸೆಮರದ ಹತ್ರ ಬಾ."

ಮಾರನೇ ದಿನ ನಾನೂ ಹೋದೆ. ಕಡಲೆಪುರಿ ಕಟ್ಟಿಕೊಂಡು ಹೋಗಿ ನೆರಳಲ್ಲಿ ಕೂತೆ. ಅವಳು ಒಂದು ನುಣುಪು ಚಪ್ಪಡಿಗೆ ಎಣ್ಣೆ ಹಚ್ಚಿ ಹಾಸಿದ್ದಳು. ಅದರ ಮೇಲೆ ಒಂದು ಇಟ್ಟಿಗೆ. ಇಟ್ಟಿಗೆಗೆ ಹಗ್ಗ, ಹಗ್ಗ ರಾಟೆಯ ಮೇಲೆ, ತುದಿಗೆ ಒಂದು ಖಾಲಿ ಬಿಂದಿಗೆ.

"ಚೊಂಬಿನಲ್ಲಿ ನೀರು ಹಾಕ್ತಾ ಬಾ. ಇಟ್ಟಿಗೆ ಕದಲಿದ ಕೂಡಲೇ ನಿಲ್ಲಿಸು," ಅಂದಳು.

ಅವನು ಹಾಕಿದ. ಒಂದು, ಎರಡು, ಮೂರು. ಆರನೇ ಚೊಂಬಿಗೆ ಇಟ್ಟಿಗೆ ಕದಲಿತು.

"ಈಗ ಇಟ್ಟಿಗೇನ ಮಗ್ಗುಲಿಗೆ ನಿಲ್ಲಿಸು. ಮೈ ಅಗಲ ಅಲ್ಲ, ಸಣ್ಣ ಮಗ್ಗುಲು ತಾಗೋ ಹಾಗೆ."

"ಹಾಗಾದ್ರೆ ಎರಡೇ ಚೊಂಬಿಗೆ ಹೋಗತ್ತೆ ಕಣೇ."

"ಹಾಕಿ ನೋಡು."

ಹಾಕಿದ. ಎರಡಕ್ಕೆ ಹೋಗಲಿಲ್ಲ. ಮೂರಕ್ಕೆ ಹೋಗಲಿಲ್ಲ. ಆರನೇ ಚೊಂಬಿಗೇ ಹೋಯಿತು. ಅವನು ಬಾಯಿ ಬಿಟ್ಟುಕೊಂಡು ನಿಂತ. ನಾನು ಕಡಲೆಪುರಿ ತಿನ್ನುವುದನ್ನು ನಿಲ್ಲಿಸಿದೆ. ಅಗಲಕ್ಕೆ ಮಲಗಿಸಿದರೂ ಆರು, ಮಗ್ಗುಲಿಗೆ ನಿಲ್ಲಿಸಿದರೂ ಆರು!

"ಅಯ್ಯೋ ನಮ್ಮ ಕರ್ಮವೇ!" ಅಂದೆ. "ಹನ್ನೆರಡು ವರ್ಷ ಆ ಹಲಗೆ ಪಾದುಕೆ ಹೊತ್ತಿದ್ದೆಲ್ಲ ದಂಡವಾ?"

"ದಂಡ ಅತ್ತೆ. ಅಗಲಕ್ಕೂ ಹಿಡಿತಕ್ಕೂ ನೆಂಟಸ್ತಿಕೆ ಇಲ್ಲ. ಬೀಸೋ ಕಲ್ಲು ಕಟೆದು ಕಟೆದು ನನಗೆ ಅನುಮಾನ ಇತ್ತು." ಅವಳು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟಳು. "ಈಗ ಹಾಕು."

ಆರಕ್ಕೆ ಕದಲಲಿಲ್ಲ. ಏಳು, ಎಂಟು, ಹತ್ತು. ಹನ್ನೆರಡನೇ ಚೊಂಬಿಗೆ ಕದಲಿತು. ಮೂರು ಇಟ್ಟಿಗೆ ಹೇರಿದರೆ ಹದಿನೆಂಟು. ಎಷ್ಟು ಭಾರ ಮೇಲಿಂದ ಒತ್ತುತ್ತದೋ ಅಷ್ಟು ಕಚ್ಚಿಕೊಳ್ಳುತ್ತಿತ್ತು ಇಟ್ಟಿಗೆ. ಆಮೇಲೆ ಅವಳು ಒಂದೇ ಇಟ್ಟಿಗೆ ಇಟ್ಟುಕೊಂಡು ಅದರ ಹೊಟ್ಟೆಗೆ ಉಳಿಯಿಂದ ನಾಲ್ಕು ಏಟು ಹಾಕಿ ಒರಟು ಮಾಡಿ ಇಟ್ಟಳು. ಆರಕ್ಕೆ ಹೋಗುತ್ತಿದ್ದದ್ದು ಹನ್ನೆರಡಕ್ಕೆ ಹೋಯಿತು. ಎಣ್ಣೆಯನ್ನೂ ಒರೆಸಿ ನೋಡಿದರೆ ಬಿಂದಿಗೆ ತುಂಬಿ ಚೆಲ್ಲಿದರೂ ಇಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

ಇನ್ನೊಂದು ಆಟವನ್ನು ಅವನೇ ಕಂಡುಹಿಡಿದ. ಆರು ಚೊಂಬಿಗೆ ಇಟ್ಟಿಗೆ ಕದಲಿ ಹೊರಟ ಮೇಲೆ ಬಿಂದಿಗೆಯಿಂದ ಎರಡು ಚೊಂಬು ನೀರು ತೆಗೆದರೂ ಅದು ನಿಲ್ಲಲಿಲ್ಲ, ಜಾರುತ್ತಲೇ ಹೋಯಿತು.

"ಹೊರಡಿಸೋಕೆ ಆರು ಬೇಕು, ಹೊರಟ ಮೇಲೆ ನಾಲ್ಕೇ ಸಾಕು," ಅಂದ ಅವನು, ಮಗುವಿನ ಹಾಗೆ ಚಪ್ಪಾಳೆ ತಟ್ಟಿಕೊಂಡು.

"ಗೊತ್ತಾಯ್ತಲ್ಲ?" ಅಂದಳು ಅವಳು. "ಕಲ್ಲಿನ ಮೇಲೆ ನಿಂತಾಗ ಒಂದು ಕೂದಲೆಳೆ ಕೂಡ ಕದಲಬಾರದು. ಕದಲಿದರೆ ಮುಗೀತು ಕತೆ."

ಲೆಕ್ಕ ಸುಲಭವಾಗಿತ್ತು. ಹತ್ತನೇ ಕಲ್ಲಿಗೆ ಜಾರುವವರ ಅಂಗಾಲು ಒರಟಾದರೆ ಇಪ್ಪತ್ತರ ತನಕ ನಿಲ್ಲಬಹುದು. ಮೈಮೇಲಿನ ಭಾರ ಎರಡರಷ್ಟಾದರೆ ನಲವತ್ತರ ತನಕ. ಚಪ್ಪಡಿಗೆ ಉಳಿ ಮುಟ್ಟಿಸುವ ಹಾಗಿಲ್ಲ, ಅದರ ಎಣ್ಣೆ ಒರೆಸುವ ಹಾಗಿಲ್ಲ. ಆದರೆ ಅಂಗಾಲು ನಮ್ಮದು, ಹೆಗಲು ನಮ್ಮದು.

ಅಂಗಾಲು ಒರಟಾಗಬೇಕಾದರೆ ಉಜ್ಜುವುದನ್ನು ಬಿಡಬೇಕು. ಅವಳು ಬಿಟ್ಟಳು, ಗಾಣದವನೂ ಬಿಟ್ಟ! ಊರಿಗೆಲ್ಲ ಎಣ್ಣೆ ಕೊಡುವವನೇ ಎಣ್ಣೆ ಬಿಟ್ಟ. ಬರಿಗಾಲಲ್ಲಿ ಎಲ್ಲೆಕಲ್ಲಿನ ಆಚೆ ಜಲ್ಲಿಯ ಮೇಲೆ ನಡೆದ. ಮೊದಲ ವಾರ ಕುಯ್ಯೋ ಮರ್ರೋ ಅಂದ. ಎರಡನೇ ವಾರ ಸುಮ್ಮನಾದ. ಮೂರನೇ ವಾರ ನಡೆಯುತ್ತಾ ನಗೋಕೆ ಶುರು ಮಾಡಿದ. ಕಾಲು ಎಲ್ಲಿ ಇಟ್ಟರೆ ಅಲ್ಲೇ ಇರುತ್ತೆ ಅನ್ನೋದೇ ಅವನಿಗೆ ದೊಡ್ಡ ಸಂಭ್ರಮ. ಬೇಕೆಂದರೆ ನಿಲ್ಲುತ್ತಿದ್ದ. ನಿಂತು ಬೇವಿನ ಮರ ನೋಡುತ್ತಿದ್ದ. ಮರ ಇಷ್ಟು ಹೊತ್ತು ನೋಡೋಕೆ ಸಿಗುತ್ತೆ ಅಂತ ಗೊತ್ತೇ ಇರಲಿಲ್ಲ ಅನ್ನುತ್ತಿದ್ದ.

ಉಜ್ಜುವುದು ಬಿಟ್ಟ ಮೇಲೆ ನಾಲಿಗೆಯ ತೊಟ್ಟು ಎಣ್ಣೆಯೂ ನಿಂತಿತ್ತಲ್ಲ. ನಾಲ್ಕನೇ ವಾರ ನಡುಬೀದಿಯಲ್ಲಿ ಇಬ್ಬರಿಗೂ ಜಗಳ ಹತ್ತಿಕೊಂಡಿತು! ಗಾಣ ಹುಣಸೆಮರದ ಹತ್ತಿರ ಬರಬೇಕೋ, ಕಲ್ಲು ಕಟೆಯುವ ಜಾಗ ಗಾಣದ ಹತ್ತಿರ ಹೋಗಬೇಕೋ ಅಂತ.

"ಗಾಣ ಏನು ಮಡಕೆಯಾ, ಕಂಕುಳಲ್ಲಿ ಇಟ್ಕೊಂಡು ಬರೋಕೆ?" ಅಂದ ಅವನು.

"ಹುಣಸೆಮರ ಏನು ತುಳಸಿ ಗಿಡವಾ, ಕುಂಡದಲ್ಲಿ ಇಟ್ಕೊಂಡು ಬರೋಕೆ?" ಅಂದಳು ಅವಳು.

ಬೀದಿಯಲ್ಲಿ ಜಾರಿ ಹೋಗುತ್ತಿದ್ದ ಜನ ಕಂಬ ತಬ್ಬಿಕೊಂಡು ನಿಂತು ಕೇಳಿದರು. ಎಷ್ಟೋ ಜನ ಹುಟ್ಟಿದ ಮೇಲೆ ಜಗಳವನ್ನೇ ಕೇಳಿರಲಿಲ್ಲ. ಒಬ್ಬಳು ನನ್ನ ಕಿವಿಯಲ್ಲಿ, "ಎಷ್ಟು ಚೆನ್ನಾಗಿದೆ ಅಲ್ವಾ? ಅವಳು ಹೇಳಿದ್ದು ಅವನಿಗೆ ಕೇಳಿಸ್ತಾ ಇದೆ," ಅಂದಳು. ಕೊನೆಗೆ ನಮ್ಮ ಹುಡುಗಿ ಸಿಟ್ಟಿನಲ್ಲಿ ಅವನ ಮುಂಗೈ ಹಿಡಿದಳು. ಹಿಡಿದ ಕೈ ಜಾರಲಿಲ್ಲ. ಇಬ್ಬರೂ ಕೈ ನೋಡಿಕೊಂಡರು. ಜಗಳ ಅಲ್ಲಿಗೆ ಮರೆತುಹೋಯಿತು. ಆ ಗಾಣ ಎಲ್ಲಿರಬೇಕು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಮೂರನೇ ಸಲದ ದಿನ ಬಂತು. ಬೆಳಗಿನ ಎಳೆ ಬಿಸಿಲು. ಇಡೀ ಊರು ಕಟ್ಟೆಯ ಸುತ್ತ. ನಲವತ್ತು ಜನರ ಕೈಯಲ್ಲಿ ನಲವತ್ತು ಕಲ್ಲು. ಚಪ್ಪಡಿಗೆ ಹೊಸ ಎಣ್ಣೆ. ಇಬ್ಬರೂ ಬರಿಗಾಲಲ್ಲಿ ಹತ್ತಿ ನಿಂತರು. ಅವಳ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬೀಸೋ ಕಲ್ಲಿನ ಎರಡೂ ಹೋಳು. ಅವನ ಹೆಗಲ ಮೇಲೆ ಗಾಣದ ಹಿಂಡಿಯ ಮೂಟೆ ಇರಬೇಕಿತ್ತು. ಅಷ್ಟರಲ್ಲಿ ಅವನ ಅಜ್ಜಿ ಜನರನ್ನು ಸರಿಸಿಕೊಂಡು ಬಂದಳು. ಅಜ್ಜಿ ಅಂದರೆ ಸಣ್ಣ ಮುದುಕಿ ಅಂದುಕೊಳ್ಳಬೇಡಿ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುತ್ತಿರಲಿಲ್ಲ. ಅವಳ ಕೈಯಲ್ಲೂ ಒಂದು ಕಲ್ಲಿತ್ತು, ನಲವತ್ತರಲ್ಲಿ ಒಂದು.

"ನನ್ನನ್ನ ಕೊನೆಗಾಲದಲ್ಲಿ ಯಾರು ಹೊರ್ತಾರೆ ಅಂತ ದೂರು ಹೇಳಿ ಈ ಕಲ್ಲು ಹಾಕೋಣ ಅಂತಿದ್ದೆ," ಅಂದಳು ಅಜ್ಜಿ. "ಆದ್ರೆ ಇವನೇ ಭಾರ ಬೇಕು ಅಂತಿದ್ದಾನಂತೆ. ಪಕ್ಕದಿಂದ ಯಾಕೆ ಎಳೀಲಿ, ಮೇಲೇ ಕೂತುಬಿಡ್ತೀನಿ. ಎತ್ರೋ ನನ್ನನ್ನ!"

"ಇದು ಕಟ್ಟಳೆಯಲ್ಲಿ ಇಲ್ಲ," ಅಂದರು ಯಜಮಾನರು.

"ಬೇಡ ಅಂತಲೂ ಇಲ್ಲ," ಅಂದೆ ನಾನು.

ಮೂವರು ಸೇರಿ ಅಜ್ಜಿಯನ್ನು ಎತ್ತಿ ಮೊಮ್ಮಗನ ಹೆಗಲ ಮೇಲೆ ಕೂರಿಸಿದರು. ಅವನ ಕುತ್ತಿಗೆ ಅರ್ಧ ಒಳಗೆ ಹೋಯಿತು. ಅಜ್ಜಿ ತನ್ನ ಪಾಲಿನ ಕಲ್ಲನ್ನು ಮಡಿಲಲ್ಲೇ ಇಟ್ಟುಕೊಂಡಳು. ಆ ಕೊರತೆಗೆ ಯಜಮಾನರು ಕೂಡಲೇ ಇನ್ನೊಬ್ಬನ ಕೈಗೆ ಕಲ್ಲು ಕೊಟ್ಟರು. ಎಣಿಕೆಯಲ್ಲಿ ಅವರು ಬಲು ಕಟ್ಟುನಿಟ್ಟು.

ನಾನು ಹಾಡು ಎತ್ತಿದೆ. ನಿಲ್ಲಮ್ಮ ನಿಲ್ಲಯ್ಯ ಅಂತ ಶುರುವಾಗುತ್ತೆ ಆ ಹಾಡು. ಕಲ್ಲುಗಳು ಬೀಳೋಕೆ ಶುರುವಾದವು.

"ಇವಳು ಮಾತಾಡೋಕೆ ಮುಂಚೆ ಹುಬ್ಬು ಗಂಟು ಹಾಕ್ತಾಳೆ." ಒಂದು ಕಲ್ಲು.

"ಇವನು ಊಟದ ಮಧ್ಯೆ ಎದ್ದು ಗಾಣ ನೋಡೋಕೆ ಹೋಗ್ತಾನೆ." ಒಂದು ಕಲ್ಲು.

"ಹದಿನೈದು ವರ್ಷದ ಹಿಂದೆ ನನ್ನ ಮದುವೇಲಿ ಪಾಯಸಕ್ಕೆ ಸಿಹಿ ಸಾಲದು ಅಂದಿದ್ದಳು, ಇಷ್ಟುದ್ದ ಇದ್ದಳು ಆಗ." ಒಂದು ಕಲ್ಲು.

ಹತ್ತನೇ ಕಲ್ಲು ಬಿತ್ತು. ಜನ ಅಭ್ಯಾಸಬಲದಿಂದ ಹುಲ್ಲಿನ ರಾಶಿಯ ಕಡೆ ನೋಡಿದರು. ರಾಶಿ ಖಾಲಿ. ಇಬ್ಬರೂ ನಿಂತೇ ಇದ್ದಾರೆ! ನಾನು ಮೂರನೇ ನುಡಿ ಎತ್ತಿದೆ. ಹನ್ನೆರಡು ವರ್ಷದ ಮೇಲೆ ಮೂರನೇ ನುಡಿ! ಕಣ್ಣು ತುಂಬಿತು, ಆದರೂ ಹಾಡಿದೆ. ಇಪ್ಪತ್ತು ಕಲ್ಲಿಗೆ ನಾಲ್ಕನೇ ನುಡಿ. ಇಪ್ಪತ್ತಾರಕ್ಕೆ ಐದನೇ ನುಡಿ. ಒಂದು ನೊಣ ಬಂದು ಅವನ ಮೂಗಿನ ಮೇಲೆ ಕೂತಿತು. ಅವನು ಕಣ್ಣು ಮೆಳ್ಳೆ ಮಾಡಿಕೊಂಡು ಅದನ್ನೇ ನೋಡುತ್ತಾ ನಿಂತ, ಮೂಗು ಮಾತ್ರ ಕದಲಿಸಲಿಲ್ಲ. ಅವಳು ಪಕ್ಕದಿಂದ ಉಫ್ ಅಂತ ಊದಿ ಓಡಿಸಿದಳು. ಜನ ಹೋ ಅಂತ ಕೂಗಿದರು. ದೂರು ಹೇಳೋಕೆ ಬಂದವರು ದೂರು ಮರೆತು, "ಗಟ್ಟಿಯಾಗಿ ನಿಲ್ಲೋ ಮಗಾ," ಅಂತ ಕಲ್ಲು ಹಾಕಿ ಹೋಗುತ್ತಿದ್ದರು.

ಮೂವತ್ತೊಂಬತ್ತನೇ ಕಲ್ಲು ಬಿತ್ತು. ಆರನೇ ನುಡಿ ಮುಗಿಯಿತು. ನಲವತ್ತನೆಯದು ಯಜಮಾನರದು, ಯಾವಾಗಲೂ ಕೊನೆಯದು ಅವರದೇ. ಅವರು ಕಲ್ಲು ಹಿಡಿದು ಅಂಚಿನಲ್ಲಿ ನಿಂತಿದ್ದರು. ನಾನು ಏಳನೇ ನುಡಿಗೆ ಉಸಿರು ಎಳೆದೆ.

ಬರಲಿಲ್ಲ.

ಏಳನೇ ನುಡಿ ಬರಲಿಲ್ಲ. ಹನ್ನೆರಡು ವರ್ಷದಿಂದ ಹಾಡದೇ ಇದ್ದದ್ದು ಜಾರಿ ಹೋಗಿತ್ತು. ಮೊದಲ ಪದ ಇಲ್ಲ, ರಾಗ ಇಲ್ಲ, ಏನೂ ಇಲ್ಲ. ಹಗ್ಗ ಕಿರ್ರೆಂದಿತು. ಅವಳ ಕಾಲಿನ ಮೀನಖಂಡ ನಡುಗುತ್ತಿತ್ತು. ಅವನ ಮುಖ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಹಾಡು ಮುಗಿಯದೆ ಮದುವೆ ಇಲ್ಲ. ನಾನು ಸಾಕಿದ ಹುಡುಗಿ, ನನ್ನ ಬಾಯಿಂದಲೇ ಸೋಲುತ್ತಾಳಲ್ಲಾ ಅಂತ ಎದೆ ಒಡೆಯಿತು.

"ಅತ್ತೆ," ಅಂದಳು ಅವಳು, ತಲೆ ತಿರುಗಿಸದೆ, ಹಲ್ಲು ಕಚ್ಚಿಕೊಂಡು, "ಕಂಡಿದ್ದನ್ನ ಹಾಡು."

ಕಂಡಿದ್ದನ್ನೇ ಹಾಡಿದೆ. ನನ್ನ ಜನ್ಮದಲ್ಲಿ ಒಂದು ಪದ ಕಟ್ಟಿದವಳಲ್ಲ, ಆವತ್ತು ಕಟ್ಟಿದೆ:

ಒರಟು ಕಾಲಿನ ಹುಡುಗ, ಒರಟು ಕಾಲಿನ ಹುಡುಗಿ,
ಹೆಗಲ ಮೇಲಜ್ಜಿ ನಗುತಾಳೆ,
ಹೆಗಲ ಮೇಲಜ್ಜಿ ನಗುತಾಳೆ, ಹೊತ್ತೋರ
ಕಾಲ ಈ ನೆಲವು ಬಿಡದಮ್ಮ.

"ನಿಲ್ಲಿಸು!" ಅಂದರು ಯಜಮಾನರು. "ಇದು ಏಳನೇ ನುಡಿ ಅಲ್ಲ."

"ಹಾಗಾದ್ರೆ ಏಳನೇ ನುಡಿ ನೀವೇ ಹೇಳಿ ಯಜಮಾನ್ರೇ. ನಾನು ಹಿಂದಿನಿಂದ ಹಾಡ್ತೀನಿ."

ಯಜಮಾನರು ಆಕಾಶ ನೋಡಿದರು, ಕಾಲು ನೋಡಿಕೊಂಡರು. ಅವರಿಗೂ ಬರಲಿಲ್ಲ. ಜನರ ಕಡೆ ನೋಡಿದರು, ಯಾರಿಗೂ ಬರಲಿಲ್ಲ. ಸೋತ ಮನುಷ್ಯ ಅನುಮಾನಕ್ಕೆ ಬೀಳುತ್ತಾನೆ.

"ಏನೋ ಮೋಸ ಇದೆ ಇದರಲ್ಲಿ," ಅಂದರು. "ಈ ಕಲ್ಲಿನ ಮೇಲೆ ಯಾರೂ ಹೀಗೆ ನಿಲ್ಲೋಕಾಗಲ್ಲ. ಉಳಿ ಹಾಕಿದ್ದಾಳೆ, ಇಲ್ಲ ಮರಳು ಎರಚಿದ್ದಾಳೆ. ನಾನೇ ನೋಡ್ತೀನಿ."

ಒಂದು ಕೈಯಲ್ಲಿ ನಲವತ್ತನೇ ಕಲ್ಲು ಹಿಡಿದೇ ಅವರು ಚಪ್ಪಡಿಯ ಮೇಲೆ ಕಾಲಿಟ್ಟರು. ಬೆಳಿಗ್ಗೆ ತಾನೇ ಉಜ್ಜಿ ಎಣ್ಣೆ ಹಚ್ಚಿದ ಕಾಲು. ಉಜ್ಜಿ ಎಣ್ಣೆ ಹಚ್ಚಿದ ಕಲ್ಲು. ಎರಡನೇ ಹೆಜ್ಜೆ ಇಡಲೇ ಇಲ್ಲ. ದಬಕ್ಕನೆ ಕೂತರು, ಕೂತಲ್ಲಿಂದಲೇ ಹೊರಟರು. ನಮ್ಮ ಯಜಮಾನರು ಪಂಚೆಸಮೇತ ಸುಯ್ಯನೆ ಆ ಕಪ್ಪು ಕಲ್ಲಿನ ಮೇಲೆ ಜಾರಿ ಬಂದು, ಆಚೆಯ ಅಂಚಿನ ಕಡೆ ಹೋಗುತ್ತಿದ್ದರು. ಆ ಕಡೆ ಹುಲ್ಲಿನ ರಾಶಿ ಇರಲಿಲ್ಲ, ಆಳೆತ್ತರದ ಕೆಳಗೆ ಬರೀ ನೆಲ. ಜನ ಚೀರಿದರು. ಹಾದು ಹೋಗುವಾಗ ಯಜಮಾನರು ಕಣ್ಣು ಮುಚ್ಚಿ ಕೈ ಚಾಚಿದರು. ಕೈಗೆ ಸಿಕ್ಕಿದ್ದು ಗಾಣದವನ ಕಾಲು.

ಹೋಯಿತು, ಮದುವೆ ಹೋಯಿತು, ಇನ್ನು ನಾಲ್ವರೂ ಹೋದರು ಅಂದುಕೊಂಡು ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗಾಣದವನ ಮೈ ಒಂದು ಸಲ ಅದುರಿತು. ಅಜ್ಜಿ ಮೇಲಿಂದ, "ಗಟ್ಟಿ ನಿಲ್ಲೋ!" ಅಂತ ಗುಡುಗಿ, ಇದ್ದ ಭಾರವನ್ನೆಲ್ಲ ಕೆಳಕ್ಕೆ ಒತ್ತಿ ಕೂತಳು. ನಮ್ಮ ಹುಡುಗಿ ಪಕ್ಕದಿಂದ ಅವನ ಸೊಂಟ ಬಳಸಿ ಹಿಡಿದಳು. ಅವನ ಅಂಗಾಲು ಕೂದಲೆಳೆಯಷ್ಟೂ ಕದಲಲಿಲ್ಲ.

ಯಜಮಾನರು ಕಣ್ಣು ಬಿಟ್ಟರು. ಅಂಚು ಒಂದು ಗೇಣು ದೂರದಲ್ಲಿತ್ತು. ಅವರ ಕೈ ಗಾಣದವನ ಒರಟು ಹಿಮ್ಮಡಿಯ ಮೇಲೆ, ಜಲ್ಲಿಗೆ ಒಡೆದು ದಡ್ಡುಗಟ್ಟಿದ ಹಿಮ್ಮಡಿ. ಹುಟ್ಟಿದ ಮೇಲೆ ಮೊದಲ ಸಲ ಅವರ ಕೈಯಿಂದ ಏನೋ ಒಂದು ಜಾರದೆ ಉಳಿದಿತ್ತು.

"ಬಿಡಬೇಡಪ್ಪ," ಅಂದರು ಮೆಲ್ಲಗೆ. "ನಿನ್ನ ದಮ್ಮಯ್ಯ, ನನ್ನನ್ನ ಬಿಡಬೇಡ."

"ನಾನು ಹಿಡಿದಿಲ್ಲ ಯಜಮಾನ್ರೇ," ಅಂದ ಗಾಣದವನು, ಅಜ್ಜಿಯ ಕೆಳಗಿಂದ. "ನೀವೇ ಹಿಡ್ಕೊಂಡಿರೋದು."

ಯಜಮಾನರು ತಮ್ಮ ಕೈ ನೋಡಿಕೊಂಡರು. ಇನ್ನೊಂದು ಕೈಯಲ್ಲಿ ನಲವತ್ತನೇ ಕಲ್ಲು ಇನ್ನೂ ಇತ್ತು. ಅದನ್ನು ಪಕ್ಕಕ್ಕೆ ಇಟ್ಟರು. ಖಾಲಿಯಾದ ಆ ಕೈಯನ್ನೂ ತಂದು ಕಾಲು ಬಳಸಿ, ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣಿಂದ ನೀರು ಬರುತ್ತಿತ್ತು, ಬಾಯಿ ನಗುತ್ತಿತ್ತು.

"ಹಾಡಮ್ಮ," ಅಂದರು ನನ್ನ ಕಡೆ ತಿರುಗಿ. "ಏಳನೇ ನುಡಿ ಅದೇ. ಮುಗಿಸು."

ನಾನು ಹಾಡಿದೆ. ಊರು ಹಿಂದಿನಿಂದ ಹಾಡಿತು. ಅಜ್ಜಿ ಮೊಮ್ಮಗನ ತಲೆಯ ಮೇಲೆ ತಾಳ ಹಾಕಿದಳು. ಮುಗಿದ ಮೇಲೆ ಯಾರಿಗೂ ಸಾಕಾಗದೆ ಮತ್ತೆ ಮೊದಲಿಂದ ಹಾಡಿದೆವು, ಏಳಕ್ಕೆ ಏಳೂ.

ಮದುವೆ ಆಯಿತು. ಕೊಂಡಿ ಬಿಚ್ಚಿದರು, ಬೀಸೋ ಕಲ್ಲು ಇಳಿಸಿದರು, ನಾಲ್ಕು ಜನ ಸೇರಿ ಅಜ್ಜಿಯನ್ನು ಇಳಿಸಿದರು. ಯಜಮಾನರು ಮಾತ್ರ ಊಟಕ್ಕೆ ಎಲೆ ಹಾಕುವ ತನಕ ಆ ಕಾಲು ಬಿಡಲಿಲ್ಲ.